ಕೈ ಬಾಯಿಗೆ ಬಂತಾ?

ರುಕ್ಸಾನಾ ಡಾಕ್ಟರಿಗೆ ಪಿಸುಮಾತು ಎಂಬುದು ಗೊತ್ತಿರಲಿಲ್ಲ. ಗಂಟಲಿನ ದೋಷವೇನೂ ಅಲ್ಲ. ಒಬ್ಬರಿಗೆ ಹೇಳುವುದನ್ನು ಇನ್ನೊಬ್ಬರಿಗೆ ಕೇಳಿಸದಂತೆ ಹೇಳಬೇಕಾದ ಅಗತ್ಯವೇ ಅವರಿಗೆ ಎಂದೂ ಕಂಡಿರಲಿಲ್ಲ. ಹುಣಸೂರಿನ ಹಳೇ ಸೇತುವೆಯ ಹತ್ತಿರ, ಪೈಪು ಮೋಟಾರು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಫಿಸಿಯೋಥೆರಪಿ ಕ್ಲಿನಿಕ್ಕು. ಒಂದೇ ಹಜಾರ, ಮೂರು ಮಂಚ, ನಡುವೆ ಹೂವಿನ ಚಿತ್ರದ ಪರದೆಗಳು. ಪರದೆ ಇದ್ದದ್ದು ಕಾಣಿಸದಿರಲಿ ಎಂದು. ಕೇಳಿಸದಿರಲಿ ಎಂದು ಅಲ್ಲಿ ಏನೂ ಇರಲಿಲ್ಲ. ಮೊದಲ ಮಂಚದವರ ಮಲಬದ್ಧತೆ ಮೂರನೆಯ ಮಂಚದವರಿಗೆ ತಿಳಿಯುತ್ತಿತ್ತು. ಅವರು ಅಲ್ಲಿಂದಲೇ ಅದಕ್ಕೆ ಮದ್ದು ಹೇಳುತ್ತಿದ್ದರು.

ಮಂಡಿನೋವಿನವರು, ಸೊಂಟನೋವಿನವರು ಬರುವ ಜಾಗವನ್ನು ಮಹಡಿಯ ಮೇಲೆ ಏಕೆ ಮಾಡಿದರು ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು: “ಹತ್ತಿ ಬಂದ್ರಲ್ಲ, ಅರ್ಧ ಟ್ರೀಟ್ಮೆಂಟ್ ಆಯ್ತು. ಇನ್ನರ್ಧ ನಾನ್ ಮಾಡ್ತೀನಿ.”

ಆ ಮೆಟ್ಟಿಲನ್ನು ನಾನು ಹತ್ತಬೇಕಾಗಿ ಬಂದದ್ದು ಬಲಗೈಯಿಂದಾಗಿ. ಸ್ಕೂಟರಿನಿಂದ ಬಿದ್ದು ಮೊಣಕೈಯ ಮೂಳೆ ಮುರಿದಿತ್ತು. ಪ್ಲಾಸ್ಟರು ಬಿಚ್ಚಿದಾಗ ಮೂಳೆಯೇನೋ ಕೂಡಿತ್ತು, ಕೀಲು ಮಾತ್ರ ಅರ್ಧ ಮಡಚಿದ ಕಡೆಯೇ ನಿಂತುಬಿಟ್ಟಿತ್ತು. ಕೈ ಪೂರ್ತಿ ನೆಟ್ಟಗಾಗದಿದ್ದರೆ ಹೇಗೋ ಬದುಕಬಹುದು. ಪೂರ್ತಿ ಮಡಚದಿದ್ದರೆ ಉಣ್ಣುವುದಕ್ಕಾಗುವುದಿಲ್ಲ. ನನ್ನ ಬೆರಳುಗಳು ಬಾಯಿಯಿಂದ ಒಂದು ಗೇಣು ದೂರದಲ್ಲಿ ನಿಂತು ಅಲ್ಲಿಂದ ಮೇಲೆ ಬರುತ್ತಲೇ ಇರಲಿಲ್ಲ. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು ನಾನು. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತೆ. ಎಡಗೈಯಲ್ಲಿ ಉಣ್ಣುವುದನ್ನು ಮಾತ್ರ ಅಮ್ಮ ಒಪ್ಪಲಿಲ್ಲ. ಚಮಚದಲ್ಲಿ ತಿಂದರೂ ಎಡಗೈ ಎಡಗೈಯೇ ಎಂದಳು. ಹಾಗಾಗಿ, ಓದು ಮುಗಿಸಿ, ಕೆಲಸಕ್ಕೆ ಸೇರಿ, ಇನ್ನೊಬ್ಬರಿಗೆ ಪಾಠ ಹೇಳುವ ವಯಸ್ಸಿನ ನನಗೆ ಅಮ್ಮ ಅಡುಗೆಮನೆಯ ಬಾಗಿಲು ಮುಂದಕ್ಕೆಳೆದುಕೊಂಡು ತುತ್ತು ಕಲಸಿ ಬಾಯಿಗಿಡುತ್ತಿದ್ದಳು. ಕಾಲೇಜಿನಲ್ಲಿ ಹಸಿವಿಲ್ಲವೆಂದು ಹೇಳಿ ಮಧ್ಯಾಹ್ನದ ಊಟ ಬಿಟ್ಟಿದ್ದೆ. ಫಿಸಿಯೋಥೆರಪಿಯಿಂದ ಬಾಗದಿದ್ದರೆ ಕೀಲನ್ನು ತೆರೆದು ಆಪರೇಷನ್ ಮಾಡಬೇಕಾಗುತ್ತದೆ, ಮಾಡಿದರೂ ಖಾತ್ರಿ ಕೊಡಲಾರೆ ಎಂದು ಮೈಸೂರಿನ ಮೂಳೆ ಡಾಕ್ಟರು ಹೇಳಿದ್ದರು. ನನಗೆ ಬೇಕಾಗಿದ್ದದ್ದು ಇಷ್ಟೇ: ನನ್ನ ಕೈಯಿಂದ ನಾನೇ ಉಣ್ಣಬೇಕು. ಅಲ್ಲಿಯವರೆಗೆ, ಉಣ್ಣಲಾಗುತ್ತಿಲ್ಲ ಎಂಬುದು ಯಾರಿಗೂ ತಿಳಿಯಬಾರದು.

ಮೊದಲ ದಿನ ರುಕ್ಸಾನಾ ಡಾಕ್ಟರು ನನ್ನ ಕೈಯನ್ನು ಮಡಚಿ, ಬಿಡಿಸಿ, ಅದು ನಿಂತಲ್ಲಿ ತಾವೂ ನಿಂತು, ಹಜಾರಕ್ಕೆಲ್ಲ ಕೇಳುವಂತೆ ಕೇಳಿದರು:

“ಏನ್ರೀ ಮೇಡಂ, ಕೈಗೆ ಬಂದ ತುತ್ತು ಬಾಯಿಗೆ ಬತ್ತಿಲ್ವಾ?”

ಪಕ್ಕದ ಪರದೆಯ ಹಿಂದಿನಿಂದ ವಯಸ್ಸಾದ ಗಂಡಸಿನ ದನಿ ಬಂತು. “ಯಾರ್ಗವ್ವಾ? ಮದ್ವೆ ಗಿದ್ವೆ ನಿಂತೋಯ್ತಾ?”

“ಅಲ್ಲ ಗೌಡ್ರೇ, ಇವರಿಗೆ ನಿಜವಾಗ್ಲೂ ತುತ್ತು ಬತ್ತಿಲ್ಲ. ಮೊಣಕೈ ಕೇಸು.”

“ಅಂಗಾ. ನಾನು ಗಾದೆ ಅನ್ಕಂಡೆ.”

ಅಂದಿನಿಂದ ನಾನು ಮೊಣಕೈ ಮೇಡಂ ಆದೆ. ನನಗೆ ಹೆಸರಿದೆ, ಅವರ ರಿಜಿಸ್ಟರಿನಲ್ಲಿ ಇನಿಷಿಯಲ್ ಸಮೇತ ಬರೆಸಿದ್ದೆ. ಆದರೆ ಅವರ ಹತ್ತಿರ ಮನುಷ್ಯರಿಗೆ ಹೆಸರಿರಲಿಲ್ಲ, ಕೀಲುಗಳಿಗೆ ಮಾತ್ರ ಇತ್ತು. ಪರದೆಯ ಹಿಂದಿನವರು ಬೆಟ್ಟದಪುರದ ಕಡೆಯ ಹೊಗೆಸೊಪ್ಪಿನ ಬೆಳೆಗಾರರು, ಅವರು ‘ಸೊಂಟದ ಗೌಡ್ರು’. ಕತ್ತು ಹಿಡಿದುಕೊಂಡು, ಯಾರನ್ನು ನೋಡಬೇಕಾದರೂ ಇಡೀ ಮೈ ತಿರುಗಿಸಬೇಕಾಗಿದ್ದ ಬಸ್ ಕಂಡಕ್ಟರೊಬ್ಬರು ‘ಕತ್ತಿನ ಕಂಡಕ್ಟ್ರು’. ಸಂತೆಯ ದಿನ ತರಕಾರಿ ಕೊಳ್ಳುತ್ತಿದ್ದರೆ ರಸ್ತೆಯ ಆಚೆ ಬದಿಯಿಂದ “ಮೊಣಕೈ ಮೇಡಂ! ಕೈ ಬಾಯಿಗೆ ಬಂತಾ?” ಎಂಬ ಕೂಗು ಬರುತ್ತಿತ್ತು. ಬದನೆಕಾಯಿ ಮಾರುವವಳು ನನ್ನ ಕೈಯನ್ನೂ ಬಾಯಿಯನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದಳು.

ಅವರು ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ತಲೆಗೆ ಬಿಗಿಯಾಗಿ ಪಿನ್ನು ಚುಚ್ಚಿದ ಸ್ಕಾರ್ಫು, ಮೊಣಕೈಯವರೆಗೆ ಮಡಚಿದ ಬಿಳಿ ಕೋಟು. ಕನ್ನಡಕವನ್ನು ಸ್ಕಾರ್ಫಿನ ಮೇಲೆ ಏರಿಸಿಕೊಂಡು ಹಜಾರವಿಡೀ ಕನ್ನಡಕ ಹುಡುಕುತ್ತಿದ್ದರು. ಹೇಳಿದ ಕಥೆಯನ್ನೇ ಹೇಳುತ್ತಿದ್ದರು. ಫೋನು ಬಂದರೆ ಸ್ಪೀಕರಿಗೆ ಹಾಕಿ ಮಂಚದ ತುದಿಗಿಟ್ಟು ನನ್ನ ಕೈಯನ್ನೂ ಹಿಡಿದುಕೊಂಡು ಮಾತನಾಡುತ್ತಿದ್ದರು. ಅವರ ನಾದಿನಿಯ ಮನೆಯ ಜಗಳ ಯಾವ ಹಂತಕ್ಕೆ ಬಂದಿದೆ ಎಂಬುದು ನನಗೆ ಇಷ್ಟವಿಲ್ಲದೆಯೂ ತಿಳಿದಿತ್ತು.

ಕೈಗಳು ಮಾತ್ರ ಬೇರೆ ಯಾರದೋ ಎನ್ನುವಂತಿದ್ದವು. ಬೆಚ್ಚಗಿನ, ಒಣಗಿದ, ಅವಸರವಿಲ್ಲದ ಕೈಗಳು. ಒಂದು ಕೈ ನನ್ನ ತೋಳನ್ನು ಮಂಚಕ್ಕೆ ಒತ್ತಿ ಹಿಡಿಯುತ್ತಿತ್ತು. ಇನ್ನೊಂದು ಮುಂಗೈಯನ್ನು ಹಿಡಿದು, ಕೀಲಿನ ಎರಡು ಮೂಳೆಗಳ ನಡುವೆ ಕೂದಲೆಳೆಯಷ್ಟು ಜಾಗ ಮಾಡುವಂತೆ ಮೆಲ್ಲಗೆ ಎಳೆದು, ಬಿಟ್ಟು, ಮತ್ತೆ ಎಳೆಯುತ್ತಿತ್ತು. ತೊಟ್ಟಿಲು ತೂಗಿದಷ್ಟೇ ಅಲುಗಾಟ. ನೋವಿನ ಅಂಚಿಗೆ ಬಂದು ನಿಲ್ಲುತ್ತಿತ್ತು, ದಾಟುತ್ತಿರಲಿಲ್ಲ. ಬಾಯಿಗೆ ಗೊತ್ತಿಲ್ಲದ ಪಿಸುಮಾತು ಆ ಕೈಗಳಿಗೆ ಗೊತ್ತಿತ್ತು.

“ಇಷ್ಟು ಮೆಲ್ಲಗೆ ಮಾಡಿದ್ರೆ ಯಾವಾಗ ಬಾಗುತ್ತೆ? ಸ್ವಲ್ಪ ಜೋರಾಗಿ ಮಡಚಬಹುದಲ್ಲ?” ಎಂದು ಒಮ್ಮೆ ಕೇಳಿದೆ.

“ನಮ್ಮಬ್ಬಾ ಬಡಗಿ, ಮೇಡಂ. ಮಳೆಗಾಲದಲ್ಲಿ ಬಾಗ್ಲು ಹಿಡ್ಕೊಂಡ್ರೆ ನೀವೇನ್ ಮಾಡ್ತೀರಿ? ಒದೀತೀರಿ. ಅಬ್ಬಾ ಎಲ್ಲಿ ಉಜ್ತಾ ಅದೆ ಅಂತ ನೋಡ್ತಾರೆ. ಒದ್ರೆ ಬಾಗ್ಲೇನೋ ತೆಕ್ಕೊಳ್ತದೆ. ಚೌಕಟ್ಟು ಹೋಗ್ತದೆ.” ಅಷ್ಟು ಹೇಳಿ, ನನ್ನ ಚೌಕಟ್ಟು ಹೇಗಿದೆಯೆಂದು ಗೌಡರಿಗೂ ವಿವರಿಸಿದರು.

ನನ್ನೊಂದಿಗೆ ಅವರಿಗಿದ್ದ ದೊಡ್ಡ ತಕರಾರು ಒಂದೇ. “ಕೈ ಬುಡಿ,” ಎನ್ನುತ್ತಿದ್ದರು. ಕೈಯ ಭಾರವನ್ನೆಲ್ಲ ಅವರಿಗೆ ಒಪ್ಪಿಸಿ ಸಡಿಲ ಬಿಡಬೇಕು ಎಂದರ್ಥ. ನಾನು ಬಿಟ್ಟೆ ಎಂದುಕೊಳ್ಳುತ್ತಿದ್ದೆ. ಅವರು ತಮ್ಮ ಕೈ ತೆಗೆದರೆ ನನ್ನದು ಗಾಳಿಯಲ್ಲಿ ಹಾಗೆಯೇ ನಿಂತಿರುತ್ತಿತ್ತು, ಅಂಗಡಿಯ ಗೊಂಬೆಯ ಕೈಯಂತೆ.

“ನೋಡಿ, ನೋಡಿ! ನಾನ್ ಹಿಡ್ಕೊಂಡಿದೀನಲ್ಲ, ನೀವ್ಯಾಕೆ ಹಿಡ್ಕೊಂಡಿದೀರಿ? ಎರಡೆರಡು ಜನ ಬೇಕಾ ಒಂದು ಕೈಗೆ? ಬುಡಿ.”

“ಬಿಟ್ಟಿದ್ದೀನಿ.”

“ಬುಟ್ಟಿಲ್ಲ. ಗೌಡ್ರೇ, ಇವರು ಕೈ ಬುಡ್ತಾ ಇಲ್ಲ ಕಣ್ರೀ.”

“ಕೈ ಬುಡ್ದೋರು ಒಳ್ಳೇವ್ರು ಬುಡವ್ವ,” ಎಂದರು ಗೌಡರು. “ನಮ್ಮ ಅಳಿಯ ನೋಡು, ಎಲ್ಲಾರ್ನೂ ಕೈ ಬುಟ್ಟ.”

ಈ ಜಂಜಾಟದ ನಡುವೆ ಒಂದು ದಿನ ಅವರು ಏನನ್ನೋ ಜ್ಞಾಪಿಸಿಕೊಂಡವರಂತೆ ಕೇಳಿದರು. “ಮೇಡಂ, ನಿಮ್ಮದು ಜಿಯಾಗ್ರಫಿ ಅಂತೆ. ಈ ನಮ್ಮ ಲಕ್ಷ್ಮಣತೀರ್ಥ ಕಪಿಲೆಗೆ ತಾನೆ ಸೇರೋದು?”

“ಅಲ್ಲ, ಕಾವೇರಿಗೆ.”

“ಹೌದಾ? ಎಲ್ಲಿ?”

“ಕೆ.ಆರ್.ಎಸ್. ಹಿನ್ನೀರಿನಲ್ಲಿ. ಕಪಿಲೆ ಹರಿಯೋದು ಎಚ್.ಡಿ. ಕೋಟೆ ಕಡೆ, ಅದೇ ಬೇರೆ ನದಿ. ಅದೂ ಕೊನೆಗೆ ಕಾವೇರಿಗೇ ಸೇರುತ್ತೆ, ಆದರೆ ತಿರುಮಕೂಡಲಿನಲ್ಲಿ. ಎರಡಕ್ಕೂ ಸಂಬಂಧವಿಲ್ಲ.”

ಮಾತು ಮುಗಿಯುವಷ್ಟರಲ್ಲಿ ನನ್ನ ಕೈ ಅವರ ಕೈಯಲ್ಲಿ ಹಿಂದಿನ ದಿನಕ್ಕಿಂತ ತುಸು ಹೆಚ್ಚಾಗಿ ಮಡಚಿತ್ತು. “ಅಚ್ಛಾ!” ಎಂದರು, ನದಿಗೋ ಮೊಣಕೈಗೋ ತಿಳಿಯಲಿಲ್ಲ.

ಮರುದಿನ ಮತ್ತೆ: “ಕಪಿಲೆಗೆ ಅಂದ್ರಲ್ಲ ಮೇಡಂ ನೀವು ನಿನ್ನೆ?” ನಾನು ಮತ್ತೆ ಹೇಳಿದೆ. ಅದರ ಮರುದಿನವೂ ಹೇಳಿದೆ. ನಾಲ್ಕಾರು ದಿನವಾದ ಮೇಲೆ, ಪರೀಕ್ಷೆಯಲ್ಲಿ ತಪ್ಪು ಬರೆಯುವ ವಿದ್ಯಾರ್ಥಿಗಳ ಮೇಲೆ ಬರುವ ಸಿಟ್ಟು ಬಂತು. ನಕ್ಷೆ ತಂದು ತೋರಿಸಿದೆ. ನಕ್ಷೆಯನ್ನು ಚೆನ್ನಾಗಿ ನೋಡಿ, “ಕಪಿಲೆ ಇಲ್ಲೇ ಇದೆಯಲ್ಲ ಹತ್ರ, ಯಾಕ್ ಸೇರಬಾರ್ದು?” ಎಂದರು. ಇದು ನನ್ನನ್ನು ಮಾತಿಗೆಳೆದು ಕೈ ಸಡಿಲಿಸುವ ಉಪಾಯವೋ, ನಿಜವಾದ ಮರೆವೋ, ಇಂದಿಗೂ ನನಗೆ ಗೊತ್ತಿಲ್ಲ. ಉಪಾಯವೆಂದು ನಂಬುವುದು ಹಿತವಾಗಿತ್ತು. ಆದರೆ ತಲೆಯ ಮೇಲಿನ ಕನ್ನಡಕವನ್ನು ಹುಡುಕುವವರ ವಿಷಯದಲ್ಲಿ ಹಾಗೆ ನಂಬುವುದು ಕಷ್ಟ. ಅದೇ ಹೊತ್ತಿಗೆ, ನಿನ್ನೆ ಯಾರ ಕೀಲು ಎಲ್ಲಿಯವರೆಗೆ ಬಂದು ನಿಂತಿತ್ತು ಎಂಬುದನ್ನು ಅವರು ಒಂದು ದಿನವೂ ಮರೆತವರಲ್ಲ.

ಹೀಗೆ ಬೆರಳುಗಳು ಗಲ್ಲದ ಸಮೀಪಕ್ಕೆ ಬರುತ್ತಿದ್ದಾಗ ನಾವು ಬೆಟ್ಟದಪುರದ ದೊಡ್ಡಮ್ಮನ ಮನೆಗೆ ಹೋದೆವು. ದೊಡ್ಡಮ್ಮ ನನ್ನ ಕೈಯನ್ನು ನೋಡಿ, “ಇದ್ಕೆ ಮಹಡಿ ಮೆಟ್ಲು ಅತ್ಬೇಕಾ? ಅರಳೆಣ್ಣೆ ಬಿಸಿ ಮಾಡಿ ನೀವುದ್ರೆ ಸರ್ಯೋಯ್ತದೆ ಬುಡು,” ಎಂದಳು. ಬೇಡವೆಂದರೆ ಅವಳು ನೊಂದುಕೊಳ್ಳುತ್ತಾಳೆ ಎಂದು ಅಮ್ಮ ನನ್ನ ಕಡೆ ನೋಡಿದಳು. ಆ ದೊಡ್ಡ ಹೆಬ್ಬೆರಳುಗಳು ಪ್ರೀತಿಯಿಂದ, ಬಲವಾಗಿ, ಸಂಜೆಯವರೆಗೆ ನೀವಿದವು. ಬೆಳಿಗ್ಗೆ ಮೊಣಕೈ ಊದಿ ಕಾವೇರಿತ್ತು.

ಕ್ಲಿನಿಕ್ಕಿನಲ್ಲಿ ರುಕ್ಸಾನಾ ಡಾಕ್ಟರು ಅಂಗೈಯ ಹಿಂಬದಿಯಿಂದ ಮೊಣಕೈಯನ್ನು ಮುಟ್ಟಿ ನೋಡಿ ಸುಮ್ಮನಾದರು. ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಯಾರು ಉಜ್ಜಿದ್ದು?”

ಜೊತೆಗೆ ಬಂದಿದ್ದ ಅಮ್ಮ, “ನಮ್ಮಕ್ಕ ಕಣವ್ವ. ಒಳ್ಳೇದಾಗ್ಲಿ ಅಂತವ,” ಎಂದಳು.

“ಅಮ್ಮಾ, ಒಳ್ಳೇದಾಗ್ಲಿ ಅಂತಾನೇ ಎಲ್ಲಾರೂ ಉಜ್ಜೋದು. ಹಾಳಾಗ್ಲಿ ಅಂತ ಯಾರಾದ್ರೂ ಎಣ್ಣೆ ಖರ್ಚು ಮಾಡ್ತಾರಾ? ಮುರಿದಿದ್ದ ಮೊಣಕೈನ ಹಿಂಗೆ ತೀಡಿದ್ರೆ ಒಳಗೆ ಮಾಂಸದಲ್ಲೇ ಮೂಳೆ ಬೆಳೆಯೋಕೆ ಶುರುವಾಗ್ಬೋದು. ಆಮೇಲೆ ನಾನೇನ್ ಹಿಡೀಲಿ, ಏನ್ ಬುಡ್ಲಿ?”

ಎಕ್ಸ್‌ರೇ ತೆಗೆಸಿದರು. ಹಾಗೇನೂ ಆಗಿರಲಿಲ್ಲ. ಆದರೆ ಊತ ಇಳಿಯುವವರೆಗೆ ಅವರು ಕೀಲನ್ನು ಮುಟ್ಟಲಿಲ್ಲ, ಗಲ್ಲದ ಸಮೀಪಕ್ಕೆ ಬಂದಿದ್ದ ಬೆರಳುಗಳು ಹಳೆಯ ಗೇಣಿನ ದೂರಕ್ಕೆ ಹಿಂದಿರುಗಿದವು. ನನಗೆ ದೊಡ್ಡಮ್ಮನ ಮೇಲೆ, ಅಮ್ಮನ ಮೇಲೆ, ನನ್ನ ಮೇಲೆ ಸಿಟ್ಟು ಬಂದಿತ್ತು. ಅದನ್ನು ಒಬ್ಬಳೇ ಅನುಭವಿಸಲು ಅವಕಾಶವಾಗಲಿಲ್ಲ, ಏಕೆಂದರೆ ಡಾಕ್ಟರು ಅಮ್ಮನಿಗೆ ಹೊಸ ಕೆಲಸ ಕೊಟ್ಟಿದ್ದರು. ಮೂಳೆ ಮುರಿದುಕೊಂಡವರು ಯಾರು ಬಂದರೂ ಅಮ್ಮ ಅವರಿಗೆ ನನ್ನ ಮೊಣಕೈ ತೋರಿಸಿ, ಎಣ್ಣೆ ಉಜ್ಜಬಾರದೆಂದು ಹೇಳಬೇಕು. ಅಮ್ಮನೊಳಗೆ ಇಂಥ ಭಾಷಣಕಾರ್ತಿ ಇದ್ದಾಳೆಂದು ನನಗೆ ತಿಳಿದಿರಲಿಲ್ಲ. ಅವಳು ದಿನವೂ ಬರತೊಡಗಿದಳು. ಇಬ್ಬರೂ ಸ್ನೇಹಿತೆಯರಾದರು. ನನಗೆ ಅದಕ್ಕಿಂತ ಕೆಟ್ಟದ್ದು ಆಗುವಂತಿರಲಿಲ್ಲ.

ಆಯಿತು. ಒಂದು ದಿನ ಭಾಷಣದ ಭರದಲ್ಲಿ ಅಮ್ಮ, “ಈಗ್ಲೂ ನಾನೇ ತುತ್ತು ಮಾಡಿ ಉಣ್ಣುಸ್ತಿರೋದು ಕಣವ್ವ,” ಎಂದುಬಿಟ್ಟಳು.

“ಅರೆ! ಇನ್ನೂ ಉಣ್ಣಿಸ್ತಿದ್ದೀರಾ?”

ಕತ್ತಿನ ಕಂಡಕ್ಟರು ನನ್ನನ್ನು ನೋಡಲು ಇಡೀ ಮೈಯನ್ನು ತಿರುಗಿಸಿದರು. ಗೌಡರು ಸಮಾಧಾನದ ದನಿಯಲ್ಲಿ, “ಉಣ್ಲಿ ಬುಡವ್ವ. ತಾಯಿ ಕೈತುತ್ತು ಈ ವಯಸ್ನಲ್ಲಿ ಯಾರ್ಗ್ ಸಿಕ್ತದೆ?” ಎಂದರು.

“ಅದಕ್ಕೇ ಕೈ ಮೇಲೆ ಬತ್ತಿಲ್ಲ. ಬಾಯಿಗೆ ಊಟ ಸಿಕ್ತಾ ಇದೆ, ಕೈ ಯಾಕ್ ಕಷ್ಟ ಪಡ್ತದೆ? ಅಮ್ಮಾ, ಇವತ್ತಿಂದ ಬಂದ್. ಮೇಡಂ, ನಾಳೆ ಬುತ್ತಿ ತನ್ನಿ. ನನ್ನೆದುರಿಗೇ ಉಣ್ಣಿ. ಅನ್ನ ಬೇಡ, ಚೆಲ್ತದೆ. ಮುದ್ದೆ ತನ್ನಿ, ಅಂಟ್ಕೊಂಡು ಬತ್ತದೆ.”

ನಾನು ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಇನ್ನು ಹೋಗುವುದೇ ಇಲ್ಲ, ಆಪರೇಷನ್ನೇ ಆಗಲಿ ಎಂದು ನಿರ್ಧರಿಸಿದ್ದೆ. ಆಗ ಪ್ರಿನ್ಸಿಪಾಲರ ಕೊಠಡಿಯಿಂದ ಕರೆ ಬಂತು. ಅವರು ಫೋನಿನ ರಿಸೀವರನ್ನು ಕಿವಿಯಿಂದ ದೂರ ಹಿಡಿದುಕೊಂಡು, “ಯಾರೋ ಮೊಣಕೈ ಮೇಡಂ ಬೇಕಂತೆ. ನೀವೇ ಇರಬೇಕು ಅನ್ನಿಸ್ತು,” ಎಂದರು. ರಿಸೀವರಿನಿಂದ ಕೊಠಡಿಗೆಲ್ಲ ಕೇಳುತ್ತಿತ್ತು: “ಮುದ್ದೆ ತಂದಿಲ್ಲ ಅಂದ್ರೂ ಪರ್ವಾಗಿಲ್ಲ, ಬನ್ನಿ ಅಂತ ಹೇಳಿ ಸಾರ್!”

ಹೋದೆ. ಹೋಗದಿದ್ದರೆ ಅವರು ತರಗತಿಗೇ ಬರುತ್ತಿದ್ದರು.

ಆ ಊಟವನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಸ್ಟೂಲಿನ ಮೇಲೆ ಡಬ್ಬಿ, ಸೊಪ್ಪಿನ ಸಾರಿನಲ್ಲಿ ಮುದ್ದೆ. ಪರದೆಗಳನ್ನು ಅವರೇ ಸರಿಸಿದರು, ಎಲ್ಲರಿಗೂ ಧೈರ್ಯ ಬರಲಿ ಎಂದು. ನಾನು ಮುರಿದ ತುತ್ತು ಮೇಲೇರಿ ಗಲ್ಲದ ಕೆಳಗೆ ನಿಂತಿತು. ನನಗೆ ಗೊತ್ತಿಲ್ಲದೆಯೇ ಕತ್ತು ಮುಂದೆ ಬಾಗಿತು.

“ಆಂ, ಆಂ! ಬಾಯಿ ಕೈಗೆ ಹೋಗ್ತಾ ಇದೆ! ಕೈ ಬಾಯಿಗೆ ಬರ್ಬೇಕು!” ಎಂದು ಅವರು ನನ್ನ ಹಣೆಯ ಮೇಲೆ ಅಂಗೈಯಿಟ್ಟು ತಲೆಯನ್ನು ಹಿಂದಕ್ಕೆ ತಳ್ಳಿ ಹಿಡಿದರು. “ಈಗ ತನ್ನಿ.”

“ಇನ್ನೊಸಿ ಕಣವ್ವ, ಇನ್ನೊಸಿ,” ಎಂದು ಗೌಡರು.

“ರೈಟ್... ರೈಟ್... ಬರ್ಲಿ, ಬರ್ಲಿ,” ಎಂದು ಕಂಡಕ್ಟರು, ಬಸ್ಸನ್ನು ಹಿಂದಕ್ಕೆ ತೆಗೆಸುವವರಂತೆ.

ತುತ್ತು ಕೆಳತುಟಿಗೆ ತಗುಲಿ, ಅಲ್ಲಿಂದ ನನ್ನ ದುಪಟ್ಟಾ ಮೇಲೆ ಬಿತ್ತು. ಎಲ್ಲರೂ ಒಟ್ಟಿಗೆ “ಛೇ!” ಎಂದರು. ಅಮ್ಮ ಕಣ್ಣೊರೆಸಿಕೊಂಡಳು. “ತುಟಿಗೆ ಬಂತಲ್ಲ! ತುಟಿ ಬಾಯಲ್ವಾ?” ಎಂದು ಡಾಕ್ಟರು ಹಜಾರವನ್ನೇ ಕೇಳಿದರು. ತುಟಿಯನ್ನು ಬಾಯಿ ಎನ್ನಬಹುದೇ ಎಂಬ ಬಗ್ಗೆ ಚರ್ಚೆ ನಡೆಯಿತು. ನಾನು ಸಾರಿನ ಕಲೆಯನ್ನು ಎಡಗೈಯಿಂದ ತಿಕ್ಕುತ್ತ ಕುಳಿತಿದ್ದೆ. ಅದು ಇನ್ನೂ ಹೋಗಿಲ್ಲ.

ಇನ್ನು ಸ್ವಲ್ಪವೇ ಉಳಿದಿತ್ತು. ಆ ಹೊತ್ತಿಗೆ ಪರೀಕ್ಷಾ ಕೆಲಸದ ಮೇಲೆ ಕೆ.ಆರ್. ನಗರಕ್ಕೆ ಹೋಗಬೇಕಾಗಿ ಬಂದು ಕೆಲವು ದಿನ ತಪ್ಪಿತು. ಅಮ್ಮನೂ ದೊಡ್ಡಮ್ಮನ ಮನೆಗೆ ಹೋಗಿದ್ದಳು. ಹಿಂದಿರುಗಿ ಬುತ್ತಿ ಹಿಡಿದು ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಬೀಗ. ಗೋಡೆಯ ಮೇಲೆ ಬೋರ್ಡು ಇದ್ದ ಜಾಗದಲ್ಲಿ ಮೊಳೆಗಳಷ್ಟೇ ಇದ್ದವು. ಕೆಳಗಿನ ಪೈಪಿನ ಅಂಗಡಿಯವರು ಗಿರಾಕಿಗೆ ಪೈಪು ಅಳೆಯುತ್ತಲೇ ಹೇಳಿದರು.

“ಡಾಕ್ಟ್ರಮ್ಮ ಕೋಟೆಗೆ ಓದ್ರಲ್ಲ. ಅಲ್ಲಿ ಆಸ್ಪತ್ರೇಲಿ ಕೆಲ್ಸ ಸಿಕ್ತಂತೆ. ಊರ್ಗೆಲ್ಲ ಗೊತ್ತು, ನಿಮ್ಗೆ ಗೊತ್ತಿಲ್ವಾ?”

ಊರಿಗೆಲ್ಲ ಕೇಳಿಸುವಂತೆ ಮಾತನಾಡುವವರ ಒಂದೇ ಒಂದು ಮಾತು ನನಗೊಬ್ಬಳಿಗೆ ಕೇಳಿಸದೆ ಹೋಗಿತ್ತು.

“ನೀವು ಮೊಣಕೈ ಮೇಡಮ್ಮಾ?” ಎಂದು ಅವರು ಪೈಪು ಕೆಳಗಿಟ್ಟು ನೆನಪಿಸಿಕೊಂಡರು. “ನಿಮ್ಗೊಂದ್ ಮಾತೇಳಿ ಓಗವ್ರೆ. ಮುದ್ದೆ ಬುಡಬ್ಯಾಡಿ ಅಂತೆ. ಬಾಯಿ ಕೈಗೆ ಓಗ್ಬಾರ್ದಂತೆ.” ಗಿರಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

ಫೋನು ಮಾಡಬಹುದಿತ್ತು. ಅವರು ಮಾಡಲಿಲ್ಲ, ಮರೆತಿರಬೇಕು. ನಾನೂ ಮಾಡಲಿಲ್ಲ. ಮಾಡಿದ್ದರೆ ಸ್ಪೀಕರಿನಲ್ಲಿ ಕೋಟೆಯ ರೋಗಿಗಳಿಗೆಲ್ಲ ನನ್ನ ಪರಿಚಯವಾಗುತ್ತಿತ್ತು. ನಿಜ ಹೇಳಬೇಕೆಂದರೆ, ನನಗೆ ಬಹಳ ಸಿಟ್ಟು ಬಂದಿತ್ತು. ದಿನವೂ ಕೈ ಬುಡಿ, ಕೈ ಬುಡಿ ಎಂದು ಪೀಡಿಸಿ, ನಾನು ಬಿಡಲು ಕಲಿಯುವ ಹೊತ್ತಿಗೆ ತಾವೇ ಕೈಬಿಟ್ಟು ಹೋಗಿದ್ದರು. ಆ ಸಿಟ್ಟಿನಲ್ಲಿಯೇ ದಿನವೂ ಮುದ್ದೆಯ ಮುಂದೆ ಕುಳಿತೆ. ಅಮ್ಮ ಹಣೆಗೆ ಅಂಗೈ ಒತ್ತಿ ಹಿಡಿದು, “ಬಾಯಿ ಕೈಗೆ ಓಯ್ತಾ ಅದೆ ಕಣೇ,” ಎನ್ನುತ್ತಿದ್ದಳು, ಅದೇ ದನಿಯಲ್ಲಿ, ಅಷ್ಟೇ ಜೋರಾಗಿ. ಪಕ್ಕದ ಮನೆಯವರಿಗೂ ತಿಳಿಯಿತು. ಬಾಗಿಲು ಮುಂದಕ್ಕೆಳೆಯುವುದನ್ನು ಬಿಟ್ಟೆವು.

ಅವರನ್ನು ಕೊನೆಯ ಸಲ ನೋಡಿದ್ದು ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ. ಹೊಗೆಸೊಪ್ಪಿನ ಹರಾಜಿನ ಕಾಲ, ನಿಲ್ಲಲು ಜಾಗವಿರಲಿಲ್ಲ. ಪಿರಿಯಾಪಟ್ಟಣದ ಬಸ್ಸಿಗಾಗಿ ಕಾಯುತ್ತಿದ್ದೆ. ಕೋಟೆಯ ಬಸ್ಸೊಂದು ಹೊರಟು ಜನರ ನಡುವೆ ಮೆಲ್ಲಗೆ ದಾರಿ ಮಾಡಿಕೊಳ್ಳುತ್ತಿತ್ತು.

“ಮೊಣಕೈ ಮೇಡಂ!”

ಬಸ್ ಸ್ಟ್ಯಾಂಡಿನ ಅರ್ಧದಷ್ಟು ಜನ ತಿರುಗಿದರು. ಕಿಟಕಿಯಲ್ಲಿ ಬಿಗಿದ ಸ್ಕಾರ್ಫು, ಅದರ ಮೇಲೆ ಕನ್ನಡಕ.

“ಕೈ ಬಾಯಿಗೆ ಬಂತಾ?”

ಬಂತು ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಕಿವಿಗೆ ಕೈಯಿಟ್ಟು ಮುಂದೆ ಬಾಗಿದರು. ಕೂಗುವುದು ನನ್ನಿಂದಾಗದು. ಬೇರೆ ದಾರಿಯಿರಲಿಲ್ಲ. ಬಲಗೈಯ ಐದೂ ಬೆರಳುಗಳನ್ನು ಕೂಡಿಸಿ, ಎತ್ತಿ, ಬಾಯಿಗೆ ಮುಟ್ಟಿಸಿ ತೋರಿಸಿದೆ.

“ಇನ್ನೊಂದ್ಸಲ! ಕತ್ತು ಬಗ್ಗಿಸ್ಬೇಡಿ!”

ಗಲ್ಲ ಮೇಲೆತ್ತಿ ನಿಂತು ಮತ್ತೆ ತೋರಿಸಿದೆ. ಮತ್ತೊಮ್ಮೆ ತೋರಿಸಿದೆ. ಅವರು ಕಿಟಕಿಯ ಸರಳುಗಳ ನಡುವಿನಿಂದ ಎರಡೂ ಕೈ ಹೊರಗೆ ಹಾಕಿ ಚಪ್ಪಾಳೆ ತಟ್ಟಿದರು. ಬಸ್ಸು ವೇಗ ಹಿಡಿಯಿತು.

“ಕೋಟೇಲೂ ಅದೇ ನಮ್ಮ ಲಕ್ಷ್ಮಣತೀರ್ಥದ ನೀರೇ ಮೇಡಂ!”

“ಅದು ಕಪಿಲೆ,” ಎಂದೆ. ಈ ಸಲ ದನಿ ಸ್ವಲ್ಪ ಜೋರಾಗಿಯೇ ಬಂತು. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಮರೆಯಾಗಿತ್ತು.

ಯಾರೋ ನನ್ನ ತೋಳು ಮುಟ್ಟಿದರು. ಮಡಿಲಲ್ಲಿ ಚೀಲವಿಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದ ಅಜ್ಜಿ.

“ಅಸಿವಾ ಮಗಾ? ಆಗ್ಲಿಂದ ಬಾಯ್ಗೆ ಕೈ ತೋರುಸ್ತಾ ಇದ್ದೀಯಲ್ಲ. ಆ ಬಸ್ನೋಳು ಏನೂ ಕೊಡ್ನಿಲ್ವಾ? ಬರೀ ಚಪ್ಪಾಳೆ ತಟ್ಟುಬುಟ್ಟು ಓದ್ಲಾ?”

ವಿವರಿಸೋಣವೆಂದುಕೊಂಡೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಅಜ್ಜಿ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟು, “ತಗಾ, ತಿನ್ನು. ನಾಚ್ಕೋಬ್ಯಾಡ,” ಎಂದಳು.

ಅಷ್ಟೂ ಜನರ ನಡುವೆ ನಿಂತು ಸುಲಿದೆ. ಬಲಗೈಯಲ್ಲೇ ಹಿಡಿದು ತಿಂದೆ, ಕತ್ತು ಬಗ್ಗಿಸದೆ.